ಗೋಡೆಯ ಜೋಳ

ಡಾಕ್ಟರ್ ಸುಮಿತ್ರಾಬಾಯಿ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಮುಂದೆ ಹೋದಂತೆ ನನಗೆ ಸಿಟ್ಟು ಏರುತ್ತದೆ, ಆಗ ನ್ಯಾಯ ತಪ್ಪೀತು.

ಎಪ್ಪತ್ತಾರನೇ ಇಸವಿಯ ಬೇಸಿಗೆ. ಅವರು ಸಿಂದಗಿಯಲ್ಲಿ ಬಸ್ಸಿಳಿದು, ಎತ್ತಿನ ಗಾಡಿ ಹತ್ತಿ ನಮ್ಮೂರಿಗೆ ಬಂದರು. ಕಾಳಿಗೆ ಹುಳ ಬೀಳಬಾರದೆಂದು ಜನ ಬಿಎಚ್‌ಸಿ ಪುಡಿ ಹಾಕಲು ಕಲಿತಿದ್ದ ಕಾಲ ಅದು. ಆ ಪುಡಿ ಹೊಟ್ಟೆ ಸೇರಿದರೆ ರೋಗದ ಜೊತೆ ಹೋರಾಡುವ ಮೈಯ ಶಕ್ತಿ ಕುಂದುತ್ತದೆಯೇ ಎಂದು ನೋಡಲು ಶಹರದ ಕಾಲೇಜಿನವರು ಅವರನ್ನು ಕಳಿಸಿದ್ದರು. ನಾನು ಊರಿನ ಮಾಸ್ತರ, ಪರೀಕ್ಷೆಗೆ ಶಾಲೆಯ ಪಡಸಾಲೆ ಬಿಟ್ಟುಕೊಟ್ಟಿದ್ದೆ.

ಮುಂಗೈಗೆ ಒಂದು ಸಣ್ಣ ಸೂಜಿ, ಅಷ್ಟೇ. ಮೂರನೇ ದಿನ ಅಲ್ಲಿ ಗುಳ್ಳೆಯಂತೆ ಉಬ್ಬಿದರೆ ಮೈಗೆ ಹೋರಾಡುವ ಕಸುವಿದೆ ಎಂದರ್ಥ. ಉಬ್ಬದಿದ್ದರೆ ಇಲ್ಲ.

ಪುಡಿ ಹಾಕುವ ಮನೆಯವರನ್ನು ಒಂದು ಕಡೆ, ಹಾಕದವರನ್ನು ಇನ್ನೊಂದು ಕಡೆ ಕೂಡಿಸಿದರು. ಶಂಕರೆಪ್ಪ ಗೌಡರ ಮನೆಮಂದಿ ಪುಡಿಯ ಕಡೆ. ಅವರ ಅಂಗಳದಲ್ಲಿ ಹಗೇವು ಇತ್ತು, ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬಿಡುವ ದೊಡ್ಡ ಗುಂಡಿ. ಆ ಹಗೇವಿಗೆ ಇಳಿಯುವ ಆಳು ಮಶಾಕಸಾಬ. ಪುಡಿ ಮುಟ್ಟುವವನೆಂದು ಬಾಯಿಯವರು ಅವನನ್ನು ಪರೀಕ್ಷೆಯಿಂದಲೇ ಬಿಟ್ಟರು. ಅಷ್ಟು ಹುಷಾರಿ! ಅವನ ಹೆಂಡತಿ ಹಜರಾಬಿಯನ್ನು ಕೇಳಿದರು.

"ನಿಮ್ಮ ಮನ್ಯಾಗ ಪುಡಿ ಹಾಕ್ತೀರೇನು?"

"ಪುಡಿ ಹಾಕಾಕ ನಮಗ ಹಗೇವ ಎಲ್ಲೈತ್ರಿ ಬಾಯಾರ?"

ಸುಳ್ಳಲ್ಲ. ಹಜರಾಬಿಯೂ ಮಗಳು ಸಗೀರಾಳೂ ಉಳಿದ ಆಳುಗಳ ಮನೆಯವರ ಜೊತೆ ಪುಡಿ ಇಲ್ಲದವರ ಕಡೆ ಕೂತರು. ಸಗೀರಾ ಒಂದನೇ ಇಯತ್ತೆಯ ಹುಡುಗಿ, ಬಲು ಮಾತುಗಾತಿ. ಅವಳ ಕಾಲಿನ ಹುಣ್ಣು ಹೋಳಿಹುಣ್ಣಿಮೆಯಿಂದ ಮಾಯದೇ ಇತ್ತು. ಶಹರದ ಡಾಕ್ಟರು ಬಂದಿದ್ದಾರೆ, ಇನ್ನು ಮಗಳು ನೆಟ್ಟಗಾಗುತ್ತಾಳೆ ಎಂದು ಹಜರಾಬಿ ನಂಬಿದ್ದಳು.

ಮೂರನೇ ದಿನ ಗೌಡರ ಮನೆಯವರ ಕೈಗಳೆಲ್ಲ ಉಬ್ಬಿದ್ದವು. ಪುಡಿ ಇಲ್ಲದ ಕಡೆ ಕೂತವರ ಕೈಗಳು ಹೆಚ್ಚಿನವು ಸಪಾಟು.

"ನೋಡ್ರಿ ಮಾಸ್ತರ, ನಮ್ಮ ಸಗೀರಾನ ಕೈ ಎಷ್ಟ ನುಣ್ಣಗೈತಿ! ಒಂದ ಗುಳ್ಳಿ ಎದ್ದಿಲ್ಲ!" ಹಜರಾಬಿ ಅಲ್ಲಿದ್ದವರ ಬಾಯಿಗೆಲ್ಲ ಸಕ್ಕರೆ ಹಾಕಿದಳು. ನಾನೂ ತಿಂದೆ. ಕೈ ಉಬ್ಬದಿರುವುದು ಒಳ್ಳೆಯದಲ್ಲವೆಂದು ಬಾಯಿಯವರು ಬಿಡಿಸಿ ಹೇಳಿದಾಗ ಅವಳ ಮುಖ ಸಣ್ಣದಾಯಿತು.

ಪುಡಿ ತಿಂದವರು ಗಟ್ಟಿ, ತಿನ್ನದವರು ಸೋತಿದ್ದಾರೆ. ಅಂದಮೇಲೆ ದೋಷ ಪುಡಿಯದಲ್ಲ, ಹಸಿವಿನದು. ಬಾಯಿಯವರಿಗೆ ಹಾಗೆ ಕಂಡಿತು, ನನಗೂ ಹಾಗೇ ಕಂಡಿತು.

"ಹುಡುಗಿಗೆ ಹೊಟ್ಟಿ ತುಂಬ ಉಣ್ಣಸ್ರಿ," ಎಂದರು. "ಎರಡೂ ಹೊತ್ತು ಜೋಳದ ಅಂಬಲಿ ಕುಡಸ್ರಿ. ಒಂದ ದಿನಾನೂ ತಪ್ಪಸಬ್ಯಾಡ್ರಿ."

ಅವರು ಮತ್ತೆ ಬಂದದ್ದು ದೀಪಾವಳಿ ಕಳೆದ ಮೇಲೆ, ಇನ್ನೊಮ್ಮೆ ಕೈ ನೋಡಲು. ಅಂದು ಗೌಡರು ಹಗೇವು ತೆಗೆಸುತ್ತಿದ್ದರು. ಒಳಗಿನ ಕೆಟ್ಟ ಗಾಳಿ ಹೋಗಿದೆಯೇ ಎಂದು ದೀಪ ಇಳಿಬಿಟ್ಟು ನೋಡಿ, ಆಮೇಲೆ ಮಶಾಕಸಾಬ ಇಳಿದಿದ್ದ. ಅಂಗಳದಲ್ಲಿ ಎರಡು ರಾಶಿ ಏಳುತ್ತಿದ್ದವು. ಒಂದು ಮುತ್ತಿನಂಥ ಜೋಳ. ಇನ್ನೊಂದು ಮಂಕಾಗಿ, ಮುಗ್ಗುಲು ಹಿಡಿದು, ಮೂಗಿಗೆ ಘಾಟು ಬಡಿಯುವಂಥದು.

"ಇದ್ಯಾಕ ಬ್ಯಾರೆ ಹಾಕೀರಿ ಗೌಡ್ರ?" ಬಾಯಿಯವರು ಕೇಳಿದರು.

"ನಡುವಿಂದು ಮನಿಗೆ. ಗೋಡಿಗೆ ಹತ್ತಿದ್ದು ಆಳಿನ ಪಾಲು. ನಮ್ಮ ಮುತ್ಯಾನ ಕಾಲದಿಂದ ಹಂಗ ನಡದೈತಿ."

"ಪುಡಿ ಎಲ್ಲಿ ಹಾಕ್ತೀರಿ?"

"ಗೋಡಿಗೆ, ಮತ್ತೆಲ್ಲಿ? ಹುಳ ಬರೋದ ಗೋಡಿಯಿಂದ. ನಡುವಿಂದಕ್ಕ ಹಾಕಿದ್ರ ವಾಸನಿ ಹಿಡೀತೈತ್ರಿ, ನಾವು ಉಣ್ಣೋದಲ್ಲೇನ್ರಿ ಅದು?"

ಗೌಡರು ಅದನ್ನು ತೀರ ಸಹಜವಾಗಿ ಹೇಳಿದರು. ಇಡೀ ಊರಿಗೆ ಗೊತ್ತಿದ್ದ ಸಂಗತಿ, ಯಾರೂ ಮುಚ್ಚಿಟ್ಟಿರಲಿಲ್ಲ. ಯಾರ ಜೋಳ ಉಣ್ಣುತ್ತೀರಿ ಎಂದು ಬಾಯಿಯವರು ಕೇಳಿರಲಿಲ್ಲ, ಕೇಳದ್ದನ್ನು ನಮ್ಮ ಜನ ಹೇಳುವವರಲ್ಲ. ಪುಡಿ ಹಾಕುವವರು ಅದನ್ನು ಉಣ್ಣುತ್ತಿರಲಿಲ್ಲ, ಉಣ್ಣುವವರು ಹಾಕುತ್ತಿರಲಿಲ್ಲ. ಎರಡು ಕಡೆ ಕೂಡಿಸಿದ್ದೇ ತಿರುವುಮುರುವಾಗಿತ್ತು.

ಮಶಾಕಸಾಬ ಹಗ್ಗ ಹಿಡಿದು ಮೇಲೆ ಬಂದ.

"ಸಗೀರಾ ಎಲ್ಲಿ ಮಶಾಕಸಾಬ?"

"ದಡಾರ ಬಂದಿತ್ರಿ ಬಾಯಾರ. ಊರಾಗಿನ ಹುಡುಗರಿಗೆಲ್ಲಾ ಬಂದಿತ್ತು. ಗೌಡ್ರ ಮೊಮ್ಮಕ್ಕಳು ಎದ್ದು ಆಡಾಕತ್ತಾವ. ನಮ್ಮಾಕಿ ಏಳಲಿಲ್ಲ."

ಹೇಳಿ ತಲೆಯ ಮೇಲಿನ ಧೂಳು ಝಾಡಿಸಿಕೊಂಡ. ಮೂರು ವಾರದ ಹಿಂದೆ ಅವಳ ಮಣ್ಣಿಗೆ ನಾನೂ ಹೋಗಿದ್ದೆ.

ಅಷ್ಟರಲ್ಲಿ ಕಂಕುಳಲ್ಲಿ ಗಂಡುಕೂಸು, ಕೈಯಲ್ಲಿ ಬುಟ್ಟಿ ಹಿಡಿದು ಪಾಲು ಒಯ್ಯಲು ಹಜರಾಬಿ ಬಂದಳು. ಬಾಯಿಯವರನ್ನು ಕಂಡು ನಿಂತಲ್ಲೇ ಅತ್ತುಬಿಟ್ಟಳು.

"ನಿಮ್ಮ ಮಾತು ಮೀರಿಲ್ರಿ ಬಾಯಾರ. ಗೌಡ್ರ ಕಾಲ ಹಿಡದು ಹೆಚ್ಚಿನ ಜೋಳ ಇಸಗೊಂಡು ಎರಡೂ ಹೊತ್ತು ಕುಡಸೇನಿ. ಕಡೀಕ ಬಾಯಿ ತೆರೀಲಿಲ್ಲ, ಆವಾಗೂ ಚಮಚಾದಾಗ ಹಾಕೇನಿ. ನಾ ಎಲ್ಲಿ ಕಡಿಮಿ ಮಾಡೇನಿ ಹೇಳ್ರಿ?"

ಹಜರಾಬಿ ಕಣ್ಣೊರೆಸಿಕೊಂಡು, ಮಂಕು ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬುಟ್ಟಿ ತುಂಬಿಕೊಂಡಳು. ಎತ್ತಲು ಹೋದಾಗ ಬಾಯಿಯವರು ಬುಟ್ಟಿಯ ಅಂಚು ಹಿಡಿದರು.

"ಒಯ್ಯಬ್ಯಾಡ ಹಜರಾಬಿ."

"ಬಿಡ್ರಿ ಬಾಯಾರ," ಅವಳು ಬುಟ್ಟಿ ಜಗ್ಗಿದಳು. "ಇವನೂ ಈಗ ಅಂಬಲಿ ಕುಡಿಯಾಕ ಹತ್ತ್ಯಾನ. ಇವನಿಗಾದ್ರೂ ಕಡಿಮಿ ಮಾಡಬಾರದು."