ಬೇಗೂರಿನ ಸ್ವಾಮಿಯವರ ಸೈಕಲ್ಲಿಗೆ ದಿಕ್ಕು ಕಟ್ಟಿದ್ದು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಮೂರು ದಿನದಿಂದ ಕೂತಿದ್ದೇನೆ. ಈರುಳ್ಳಿ ಸಿಪ್ಪೆಯಿಂದಲೋ, ಸೋಪಿನ ಡಬ್ಬಿಯಿಂದಲೋ, ಅಥವಾ ಶಿವರಂಜಿನಿ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಸಾರ್, ಹಳೇ ಮೊಬೈಲಲ್ಲಿ ಸಿಮ್ಮು ಇಲ್ದಿದ್ರೂ ಜಿಪಿಎಸ್ ಕೆಲಸ ಮಾಡ್ತದಾ?" ಎಂದು ಕೇಳಿದಲ್ಲಿಂದಲೋ?

(ನಾನು ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟರು. ದಿನಾ ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಜಿಪಿಎಸ್ ಬಗ್ಗೆ ನನ್ನನ್ನು ಕೇಳಿದಳೆಂದರೆ ಅವಳಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ ಅಂತಲೇ ಅರ್ಥ. "ಮಾಡುತ್ತೆ" ಎಂದೆ. ನನಗೆ ಗೊತ್ತಿರಲಿಲ್ಲ. ಆಮೇಲೆ ನೋಡಿದರೆ, ನಿಜವಾಗಿಯೂ ಮಾಡುತ್ತದೆ.)

ಸರಿ, ಈರುಳ್ಳಿ ಸಿಪ್ಪೆಯಿಂದಲೇ ಹೊರಡೋಣ.

೨

ಬೇಗೂರಿನ ಮಲ್ಲಿಕಾರ್ಜುನಸ್ವಾಮಿ ಹೊಲಿಗೆ ಮಿಷನ್ ರಿಪೇರಿ ಮಾಡುವವರು. ವಯಸ್ಸು ಐವತ್ತನಾಲ್ಕು. ಸೈಕಲ್ಲಿನ ಕ್ಯಾರಿಯರ್ ಮೇಲೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಇಪ್ಪತ್ತಾರು ವರ್ಷ ಸುತ್ತಲಿನ ಹಳ್ಳಿಗಳನ್ನು ತಿರುಗಿದ್ದಾರೆ. ಯಾವ ಮನೆಯ ಮಿಷನ್ನು ದಾರ ಕಡಿಯುತ್ತದೆ, ಯಾವುದು ಹೊಲಿಗೆ ಬಿಡುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

ಕಳೆದ ಕಾರ್ತಿಕದಲ್ಲಿ ಗುಂಡ್ಲುಪೇಟೆಯ ಮಾರ್ಕೆಟ್ಟಿನ ಹಿಂದೆ, ಲಾರಿಗಳು ನಿಲ್ಲುವ ಜಾಗದಲ್ಲಿ, ಒದ್ದೆ ಈರುಳ್ಳಿ ಸಿಪ್ಪೆಯ ಮೇಲೆ ಅವರ ಸೈಕಲ್ ಜಾರಿತು. ತಲೆಯ ಹಿಂಭಾಗ ಕಲ್ಲಿಗೆ ಬಡಿಯಿತು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದಾಗ ಮಾತು ಸರಿಯಿತ್ತು, ಕೈ ಸರಿಯಿತ್ತು, ಮಗಳ ಹೆಸರು, ಹೆಂಡತಿಯ ತವರು, ಎಲ್ಲ ನೆನಪಿತ್ತು. ದಿಕ್ಕು ಮಾತ್ರ ಇರಲಿಲ್ಲ.

ಬಚ್ಚಲಿಗೆ ಎದ್ದವರು ಬೀದಿ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಎದುರಿನ ಅಂಗಡಿಗೆ ಹೋದರೆ ವಾಪಸು ಬರಲು ಯಾರಾದರೂ ಕೈ ಹಿಡಿಯಬೇಕಿತ್ತು. ಡಾಕ್ಟರು "ದಾರಿ ಗುರುತು ಹಿಡಿಯೋ ಭಾಗಕ್ಕೆ ಪೆಟ್ಟು ಬಿದ್ದಿದೆ. ಬರಬಹುದು, ಬರದೆಯೂ ಇರಬಹುದು" ಎಂದರು.

ಹೆಂಡತಿ ಮಂಗಳಗೌರಿ ಸೈಕಲ್ಲಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ಸ್ವಾಮಿ ಜಗಳವಾಡಲಿಲ್ಲ. ಮನೆಯಲ್ಲಿದ್ದ ಒಂದೇ ಮಿಷನ್ನನ್ನು ಪೂರ್ತಿ ಬಿಚ್ಚಿದರು, ಎಣ್ಣೆ ಬಿಟ್ಟು ಜೋಡಿಸಿದರು. ಮಾರನೇ ದಿನ ಮತ್ತೆ ಬಿಚ್ಚಿದರು. ಹನ್ನೊಂದನೇ ದಿನ ಮಗಳು ಶಿವರಂಜಿನಿ ನನ್ನ ಸ್ಟಾಫ್ ರೂಮಿಗೆ ಬಂದಳು.

೨ (ಮತ್ತೆ)

ಇಲ್ಲಿ ನಾನೊಂದು ಆನೆಯನ್ನು ತಂದಿದ್ದೆ. ಬಂಡೀಪುರ ಹತ್ತಿರವೇ ಇದೆಯಲ್ಲ, ದಾರಿ ತಪ್ಪಿದ ಮನುಷ್ಯನ ಎದುರಿಗೆ ಆನೆ ಬಂದು ನಿಂತರೆ ಕಥೆಗೆ ಒಂದು ತೂಕ ಬರುತ್ತದೆ ಎಂದು. ಶಿವರಂಜಿನಿಗೆ ಓದಿ ಹೇಳಿದೆ. ಅವಳು ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಈಗ ಈರುಳ್ಳಿ ಮಂಡಿಯೊಂದರಲ್ಲಿ ತೂಕದ ಚೀಟಿ ಟೈಪ್ ಮಾಡುತ್ತಾಳೆ.

"ಆನೆ ಬರ್ಲಿಲ್ಲ ಸಾರ್."

"ಬಂದಿದ್ದರೆ?"

"ಬಂದಿದ್ರೆ ನಾನು ಆನೆ ಕತೆ ಹೇಳ್ತಿದ್ದೆ. ಇದು ನಮ್ಮಪ್ಪನ ಕತೆ."

ಆನೆಯನ್ನು ವಾಪಸು ಕಾಡಿಗೆ ಕಳಿಸಿದ್ದೇನೆ.

೪

(ಮೂರನೆಯದು ಆನೆಯ ಜೊತೆ ಹೋಯಿತು.)

ಅವಳು ಮಾಡಿದ್ದು ಇಷ್ಟು. ಗಾಜು ಒಡೆದಿದ್ದ ತನ್ನ ಹಳೇ ಫೋನಿನಲ್ಲಿ ನೆಟ್ ಇಲ್ಲದೆ ನಡೆಯುವ ಮ್ಯಾಪ್ ಇಳಿಸಿದಳು. ಸೋಪಿನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಕತ್ತರಿಸಿ, ಫೋನು ಒಳಗೆ ಕೂರುವ ಹಾಗೆ ಮಾಡಿ, ಹಳೇ ಟ್ಯೂಬಿನ ಪಟ್ಟಿಗಳಿಂದ ಹ್ಯಾಂಡಲ್ಲಿಗೆ ಬಿಗಿದಳು. ಚಾರ್ಜಿಗೆ ಪೆಟ್ಟಿಗೆಯೊಳಗೆ ಪವರ್ ಬ್ಯಾಂಕ್. ಒಂದು ಕಿವಿಗೆ ಮಾತ್ರ ಇಯರ್‌ಫೋನು, ಇನ್ನೊಂದು ಕಿವಿ ಲಾರಿಗಳ ಹಾರನ್ನಿಗೆ.

ಆದರೆ ಮ್ಯಾಪಿಗೆ ಹೈವೇ ಗೊತ್ತು, ಪೆಟ್ರೋಲ್ ಬಂಕು ಗೊತ್ತು. ಹೊಲಿಯುವ ಹೆಂಗಸರ ಮನೆ ಗೊತ್ತಿಲ್ಲ. ಹಾಗಾಗಿ ಎರಡು ಭಾನುವಾರ ಅಪ್ಪ ಮಗಳು ಎರಡು ಸೈಕಲ್ಲಿನಲ್ಲಿ ಊರೂರು ತಿರುಗಿ ಮೂವತ್ತೊಂದು ಮನೆಗಳನ್ನು ಗುರುತು ಹಾಕಿದರು. ಹೆಸರು ಕೊಟ್ಟವರು ಸ್ವಾಮಿ: 'ಸೂಜಿ ಮುರಿಯೋ ಅತ್ಗೆ', 'ಬೆಲ್ಟು ಸಡ್ಲ', 'ಟೀ ಕೊಡೋ ಮನೆ', 'ಟೀ ಕೊಡ್ದೇ ಇರೋ ಮನೆ'.

ಮಂಗಳಗೌರಿ ಸೆರಗಿನ ಗಂಟು ಬಿಚ್ಚಿದರು. "ಒಂದ್ ದಿನ ನೋಡ್ತೀನಿ. ಹೆಚ್ಚು ಕಮ್ಮಿ ಆದ್ರೆ ಈ ಸೈಕಲ್ನ ಮಾರ್ಬುಡ್ತೀನಿ, ಆಮೇಕೆ ನನ್ನ ಕೇಳ್ಬ್ಯಾಡಿ ಇಬ್ರೂವೆ" ಎಂದರು.

೫

ಮೊದಲ ದಿನ ಒಬ್ಬರೇ ಹೊರಟರು. ಎಂಟು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಚಿಕ್ಕನಿಂಗಮ್ಮ ಎಂಬಾಕೆ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಾರೆ. ಅವರ ಮಿಷನ್ನು ಕಚ್ಚಿಕೊಂಡು ನಿಂತು ತಿಂಗಳಾಗಿತ್ತು. ಫೋನು "ಟರ್ನ್ ಲೆಫ್ಟ್" ಎಂದರೆ ಎಡಕ್ಕೆ, "ಟರ್ನ್ ರೈಟ್" ಎಂದರೆ ಬಲಕ್ಕೆ. ಸ್ವಾಮಿ ತಲುಪಿಯೇಬಿಟ್ಟರು!

"ಅಯ್ಯೋ ಸ್ವಾಮ್ಯೋರೇ, ದಾರಿ ಮರ್ತ್ಬುಟ್ಟವ್ರಂತೆ ಅಂತ ಊರೆಲ್ಲ ಅಂತಿದ್ರು!"

"ಮರ್ತಿವ್ನಿ ಕಣವ್ವ. ಇದು ಮರ್ತಿಲ್ಲ" ಎಂದು ಸ್ವಾಮಿ ಸೋಪಿನ ಡಬ್ಬಿ ತೋರಿಸಿದರು.

ಮಿಷನ್ನು ಮುಕ್ಕಾಲು ಗಂಟೆಯಲ್ಲಿ ಓಡಿತು. ಚಿಕ್ಕನಿಂಗಮ್ಮ ಹರಿದ ಬಟ್ಟೆಯೊಂದರ ಮೇಲೆ ಈ ತುದಿಯಿಂದ ಆ ತುದಿಗೆ ಹೊಲಿಗೆ ಹಾಕಿ ನೋಡಿದರು. ನೆಟ್ಟಗೆ ಬಂತು.

ಕಥೆ ಇಲ್ಲಿಗೇ ಮುಗಿದಿದ್ದರೆ ನನಗೂ ಸುಖ, ನಿಮಗೂ ಸುಖ. ಆದರೆ ಬರುವಾಗ ಗುಂಡಿ ಬಿದ್ದ ಮಣ್ಣುದಾರಿಯಲ್ಲಿ ಕುಲುಕಿ ಕುಲುಕಿ ಸೋಪಿನ ಡಬ್ಬಿ ಸೀಳುಬಿಟ್ಟಿತು. ಫೋನು ಜಾರತೊಡಗಿತು. ಸ್ವಾಮಿ ಇಳಿದು ಪೆಟ್ಟಿಗೆ ತೆಗೆದರು. ನೆಲಕ್ಕೆ ಬಿದ್ದ ಸೂಜಿಗಳನ್ನು ಹೆಕ್ಕುವ ಅಯಸ್ಕಾಂತ ಅದರಲ್ಲಿತ್ತು, ಒಳ್ಳೆ ಗಟ್ಟಿಯದು. ಅದನ್ನು ಫೋನಿನ ಬೆನ್ನಿಗೆ ಟೇಪಿನಿಂದ ಸುತ್ತಿ ಹ್ಯಾಂಡಲ್ಲಿನ ಕಬ್ಬಿಣಕ್ಕೆ ಅಂಟಿಸಿದರು. ಭದ್ರವಾಗಿ ಕೂತಿತು. ಮೆಕ್ಯಾನಿಕ್ಕಿನ ಬುದ್ಧಿ.

ಫೋನಿನೊಳಗೊಂದು ದಿಕ್ಸೂಚಿ ಇರುತ್ತದೆ, ಪಕ್ಕದಲ್ಲಿ ಅಯಸ್ಕಾಂತವಿದ್ದರೆ ಅದು ತಲೆಕೆಡುತ್ತದೆ ಎಂದು ಅವರಿಗೆ ಯಾರು ಹೇಳಬೇಕು? ಸೈಕಲ್ ಓಡುತ್ತಿದ್ದಾಗ ಬಾಣ ಸರಿ ತೋರಿಸುತ್ತಿತ್ತು. ನಿಲ್ಲಿಸಿ ನೋಡಿದ ಕೂಡಲೇ ಬೇರೆಲ್ಲಿಗೋ ತಿರುಗುತ್ತಿತ್ತು. ಸ್ವಾಮಿಗೋ, ದಾರಿ ಕವಲೊಡೆದಲ್ಲೆಲ್ಲ ನಿಲ್ಲಿಸಿ ನೋಡುವುದೇ ಅಭ್ಯಾಸ.

ಎರಡು ಹೊಲದ ನಡುವಿನ ಒಂದು ಕವಲಿಗೆ ಅವರು ನಾಲ್ಕು ಸಲ ಬಂದರು. ನಿಂತರೆ ಬಾಣ ಬಲಕ್ಕೆ. ಬಲಕ್ಕೆ ಹೊರಟರೆ ಕಿವಿಯಲ್ಲಿ 'ಹಿಂದಕ್ಕೆ ತಿರುಗು' ಎಂಬ ಇಂಗ್ಲಿಷು. ತಿರುಗಿ ಬಂದು ನಿಂತರೆ ಮತ್ತೆ ಬಲಕ್ಕೆ.

ಶಿವರಂಜಿನಿ ಮಂಡಿಯಿಂದ ಅಪ್ಪನ ಇನ್ನೊಂದು ಫೋನಿಗೆ, ಬಟನ್ ಫೋನಿಗೆ, ಕರೆ ಮಾಡಿದಳು.

"ಎಲ್ಲಿದ್ದೀಯಪ್ಪ?"

"ಇಲ್ಲೇ ಇವ್ನಿ ಕಣಮ್ಮಿ."

"ಇಲ್ಲೇ ಅಂದ್ರೆ ಎಲ್ಲಿ?"

"ನಾ ನಿಂತಿರೋ ತಾವ."

"ಸುತ್ತ ಏನದೆ ಹೇಳು."

"ಸುತ್ತ ಎಲ್ಲಾ ಅದೆ. ಅರಿಸ್ನದ ಹೊಲ ಅದೆ, ಕರೆಂಟ್ ಕಂಬ ಅದೆ. ಯಾವ್ದು ಎತ್ಲಾಗೆ ಅಂತ ಗೊತ್ತಾಯ್ತಾ ಇಲ್ಲ."

ಅಷ್ಟರಲ್ಲಿ ಕರೆ ಕಡಿಯಿತು. ಮತ್ತೆ ಹತ್ತಲಿಲ್ಲ.

೬

ಓದುಗರೇ, ಇಲ್ಲಿ ಸ್ವಾಮಿಯವರು ಅತ್ತರೆಂದು ಬರೆದಿದ್ದೆ. ಅವರು ಒಪ್ಪಲಿಲ್ಲ.

"ನಾನ್ಯಾಕೆ ಅಳ್ಳಿ ಮೇಷ್ಟ್ರೇ? ಕೂತ್ಕಂಡಿದ್ದೆ ಅಷ್ಟೇ. ಬೇಕಿದ್ರೆ ನೀವ್ ಅತ್ಕಳಿ."

ಹೌದು, ಕೂತಿದ್ದರು. ಮೂರು ಗಂಟೆಯ ಬಿಸಿಲಲ್ಲಿ, ಕವಲಿನ ಬದುವಿನ ಮೇಲೆ. ಶಿವರಂಜಿನಿ ಬಸ್ಸಿನಲ್ಲಿ ಬೇಗೂರಿಗೆ ಬಂದು, ಅಮ್ಮನಿಗೆ ಹೇಳದೆ ಅಂಗಳದಲ್ಲಿದ್ದ ತನ್ನ ಸೈಕಲ್ ಎತ್ತಿಕೊಂಡು, ಚಿಕ್ಕನಿಂಗಮ್ಮನ ಊರಿನ ದಾರಿ ಹಿಡಿದು, ಅರಿಸಿನ ಇದ್ದ ಹೊಲಗಳನ್ನೆಲ್ಲ ಹುಡುಕಿಕೊಂಡು ಬಂದಳು. ಅಪ್ಪ ಕಂಡ ಕೂಡಲೇ ಅವಳಿಗೆ ಬಂದದ್ದು ಸಿಟ್ಟು.

"ಇದೇನಿದು, ಮೊಬೈಲ್ ಹಿಂದೆ?"

"ಮ್ಯಾಗ್ನೆಟ್ಟು. ಗಟ್ಟಿ ಇಡ್ಕಂಡದೆ ನೋಡು."

ಅವಳು ಟೇಪು ಕಿತ್ತಳು. ಫೋನನ್ನು ಕೈಯಲ್ಲಿ ಹಿಡಿದು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸಿದಳು. ಬಾಣ ಗಿರಗಿರನೆ ತಿರುಗಿ ನಿಧಾನಕ್ಕೆ ಒಂದು ಕಡೆ ನಿಂತಿತು.

"ಈಗ ಸರಿಯಾಯ್ತು."

"ಸರಿಯಾಯ್ತು ಅಂತ ಎಂಗೆ ಗೊತ್ತಾಯ್ತು ನಿಂಗೆ?"

"ಮನೆ ಅತ್ಲಾಗೇ ಅಲ್ವಾಪ್ಪ ಇರೋದು?"

ಸ್ವಾಮಿ ಆ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ರಂಜೂ, ನಿಂಗೊಂದ್ ಮಾತ್ ಹೇಳಿರ್ಲಿಲ್ಲ. ಆ ಎಲ್ಡು ಭಾನ್ವಾರ ನಂಗೇನೂ ಗೊತ್ತಾಯ್ತಿರ್ಲಿಲ್ಲ. ಮನೆ ಒಳಗೆ ಹೋದ್ಮೇಲೆ ಮಿಷನ್ ನೋಡಿ ಹೆಸ್ರು ಹೇಳ್ತಿದ್ದೆ. ದಾರೀಲಿ ಬರೀ ನಿನ್ನ ಬೆನ್ ನೋಡ್ಕಂಡ್ ಬತ್ತಿದ್ದೆ."

ಅವಳು ಬದುವಿನ ಮೇಲೆ ಅವರ ಪಕ್ಕ ಕೂತಳು. (ಅವಳು ಅತ್ತಳೇ? ಕೇಳಿದೆ. "ಬೆವ್ರು ಸಾರ್" ಎಂದಳು.)

"ಅಮ್ಮ ಸೈಕಲ್ ಮಾರ್ಬುಡ್ತಾಳೆ ಈಗ" ಎಂದರು ಸ್ವಾಮಿ.

"ಅಮ್ಮಂಗೆ ಯಾರ್ ಹೇಳ್ತಾರೆ? ಏಳಪ್ಪ. ನೀನು ಮುಂದೆ ಓಗು, ನಾನು ಹಿಂದೆ ಬತ್ತೀನಿ."

೭

ಹೊರಟರು. ಸ್ವಾಮಿ ಮುಂದೆ, ಮಗಳು ಹಿಂದೆ. ಫೋನು ಅವರ ಜೇಬಿನಲ್ಲಿ, ಇಯರ್‌ಫೋನು ಕಿವಿಯಲ್ಲಿ. ಒಂದು ಕಿಲೋಮೀಟರಿನ ಮೇಲೆ ದಾರಿಯಿಂದ ಎಡಕ್ಕೆ ಒಂದು ಸಣ್ಣ ಬಂಡಿಜಾಡು ಒಡೆಯುತ್ತದೆ. ಅದು ಮ್ಯಾಪಿನಲ್ಲಿಲ್ಲ. ಫೋನು ನೇರ ಹೋಗು ಎನ್ನುತ್ತಿತ್ತು. ಸ್ವಾಮಿ ನಿಲ್ಲಿಸಲಿಲ್ಲ, ಜೇಬು ಮುಟ್ಟಲಿಲ್ಲ. ಬಂಡಿಜಾಡಿಗೆ ತಿರುಗಿಸಿದರು.

ಯಾಕೆ ತಿರುಗಿಸಿದರು?

ಶಿವರಂಜಿನಿಯ ಮುಕ್ತಾಯ: "ನೆನಪು ಬಂತು ಸಾರ್ ಅವರ್ಗೆ. ಮುಂಚೆ ಅದೇ ಅವರ ಅಡ್ಡದಾರಿ. ನಾನು ಕಣ್ಣಾರೆ ನೋಡ್ದೆ, ಭುಜ ತಾನೇ ವಾಲ್ತು."

ಸ್ವಾಮಿಯವರ ಮುಕ್ತಾಯ: "ನೆನಪೂ ಇಲ್ಲ, ಗಿನಪೂ ಇಲ್ಲ. ಹಿಂದೆ ಮಗ್ಳು ಅವ್ಳಲ್ಲ, ಎತ್ಲಾಗ್ ತಿರುಗುಸ್ದ್ರೂ ನಡೀತದೆ ಅಂತ ತಿರುಗುಸ್ಬುಟ್ಟೆ."

ಅವತ್ತು ದಾರಿ ತಪ್ಪಿದ ವಿಷಯ ಮಂಗಳಗೌರಿಯವರಿಗೆ ಇವತ್ತಿಗೂ ಗೊತ್ತಿಲ್ಲ. ಈ ಕಥೆ ಅಚ್ಚಾದರೆ ಗೊತ್ತಾಗುತ್ತದೆ. ಅದು ನನ್ನ ಇನ್ನೊಂದು ಗೊಂದಲ.

ಎರಡರಲ್ಲಿ ಯಾವುದನ್ನು ಬರೆಯಲಿ? ಮಗಳದ್ದನ್ನು ಬರೆದರೆ ಯಂತ್ರ ಬೇಕಿರಲಿಲ್ಲ ಎಂದಾಗುತ್ತದೆ. ಅಪ್ಪನದ್ದನ್ನು ಬರೆದರೆ ಮಗಳು ಜೀವಮಾನವಿಡೀ ಹಿಂದೆ ಹಿಂದೆ ಸೈಕಲ್ ತುಳಿಯಬೇಕು ಎಂದಾಗುತ್ತದೆ. ಮೂರನೆಯದೊಂದು ಬರೆದೆ. ಅದರಲ್ಲಿ ಇಬ್ಬರೂ ಐದೂವರೆಗೆ ಮನೆಗೆ ಬಂದು ಕಾಫಿ ಕುಡಿಯುತ್ತಾರೆ. ಅದನ್ನು ತೆಗೆದುಕೊಂಡು ಹೋಗಿ ಸ್ವಾಮಿಯವರಿಗೆ ಓದಿದೆ. ಅವರು ಯಾರದೋ ಮಿಷನ್ನಿನ ಹೊಟ್ಟೆಯೊಳಗೆ ಕೈ ಹಾಕಿಕೊಂಡೇ ಕೇಳಿದರು.

"ಬ್ಯಾಡಿ ಮೇಷ್ಟ್ರೇ, ಮನೇಗ್ ಸೇರುಸ್ಬ್ಯಾಡಿ."

"ಯಾಕೆ? ಮನೆಗೆ ಬಂದಿರಲ್ಲ?"

"ಬಂದೆ. ಆದ್ರೆ ಕತೇಲಿ ಸೇರುಸ್ಬುಟ್ರೆ ಓದ್ದವ್ರೆಲ್ಲ ಸದ್ಯ ಮನೆ ಸೇರುದ್ರಲ್ಲ, ಇನ್ನು ಅಲ್ಲೇ ಇರ್ಲಿ ಅಂತಾರೆ. ನಮ್ಮನೇವ್ಳೂ ಅದೇ ಅನ್ನೋದು."

ಆದ್ದರಿಂದ ಓದುಗರೇ, ನಾನು ಅವರನ್ನು ಬಂಡಿಜಾಡಿನ ಮೇಲೆಯೇ ಬಿಡುತ್ತಿದ್ದೇನೆ. ಮುಂದೆ ಒಂದು ಸೈಕಲ್, ಹಿಂದೆ ಒಂದು ಸೈಕಲ್. ಹೊತ್ತು ಇಳಿಯುತ್ತಿದೆ. ಸೂರ್ಯ ಅವರ ಎದುರಿಗಿದ್ದನೋ ಬೆನ್ನಿಗಿದ್ದನೋ ಎಂದು ಬರೆದುಬಿಟ್ಟರೆ ಅವರು ಯಾವ ಕಡೆ ಹೋಗುತ್ತಿದ್ದರೆಂದು ನಿಮಗೆ ಗೊತ್ತಾಗಿಬಿಡುತ್ತದೆ. ಬರೆಯುವುದಿಲ್ಲ.