ಅದೇ ಪ್ರಶ್ನೆಗೆ ಅದೇ ಉತ್ತರ

"ಒಳಗೆ ಅದೇ ಹಾಕಿದ್ರೆ ಹೊರಗೂ ಅದೇ ಬರಬೇಕು," ಎನ್ನುತ್ತ ಟೀಚರಮ್ಮ ಬೋರ್ಡಿನ ಮೇಲೊಂದು ಡಬ್ಬಿ ಬರೆದಳು. ಆಫೀಸಿನ ಹೊಸಬರಿಗೆ ಪ್ರೋಗ್ರಾಮಿಂಗ್ ತಿದ್ದಿಸುವವಳು ಅವಳೇ ಆದ್ದರಿಂದ ಎಲ್ಲರ ಬಾಯಲ್ಲೂ ಅದೇ ಹೆಸರು. "ಇದು ಪ್ಯೂರ್ ಫಂಕ್ಷನ್. ಹೊರಗಡೆ ಏನನ್ನೂ ನೋಡಲ್ಲ, ಏನನ್ನೂ ಮುಟ್ಟಲ್ಲ. ಎರಡು ಮೂರು ಕೂಡು ಅಂದ್ರೆ ಇವತ್ತೂ ಐದು, ನೀವು ಮುದುಕರಾದ್ಮೇಲೂ ಐದು."

"ನಮ್ಮತ್ತೆಗೂ ಸ್ವಲ್ಪ ಕಲಿಸಿ ಮೇಡಂ. ಬೆಳಿಗ್ಗೆ ಒಂದು ಹೇಳ್ತಾರೆ, ಸಂಜೆಗೆ ಇನ್ನೊಂದು," ಎಂದ ಹಿಂದೆ ಕೂತ ಉದ್ದನೆಯವನು. ಎಲ್ಲರೂ ಗೊಳ್ಳೆಂದರು.

ಮೂಲೆಯ ಹುಡುಗಿ ನಗಲಿಲ್ಲ. ಜ್ವರದಲ್ಲಿ ತಮ್ಮನನ್ನು ಕಳೆದುಕೊಂಡು ಅವತ್ತಷ್ಟೇ ಕೆಲಸಕ್ಕೆ ಮರಳಿದ್ದಳು. "ಹೊರಗೆ ಏನೇ ಆಗಿದ್ರೂ ಉತ್ತರ ಬದಲಾಗಲ್ವಾ ಅಕ್ಕ?"

"ಆಕಾಶ ಕಳಚಿ ಬಿದ್ರೂ ಇಲ್ಲ."

ಅಂದಿನಿಂದ ಹುಡುಗಿಯ ಪ್ರೋಗ್ರಾಮುಗಳಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ. ಅವಳ ಮುಂದಿನ ಕಾಫಿ ಮಾತ್ರ ಕೆನೆಗಟ್ಟಿ ತಣ್ಣಗೆ ಕೂತಿರುತ್ತಿತ್ತು.

ಸುದ್ದಿ ತಿಳಿಯದ ಕ್ಯಾಂಟೀನಿನ ಅಜ್ಜಿ ಒಂದು ಮಧ್ಯಾಹ್ನ ಕೇಳಿಯೇಬಿಟ್ಟಳು: "ನಿನ್ನ ತಮ್ಮ ಹೇಗಿದಾನಮ್ಮ?"

"ಚೆನ್ನಾಗಿದಾನೆ. ಮಲಗಿದಾನೆ, ಎಬ್ಬಿಸಿದ್ರೆ ರೇಗ್ತಾನೆ."

ತಮ್ಮ ರಾತ್ರಿ ಪಾಳಿಗೆ ಹೋಗುತ್ತಿದ್ದ ಕಾಲದಲ್ಲಿ ಅವಳು ಕೊಡುತ್ತಿದ್ದ ಉತ್ತರ ಅದು. ಅದೇ ದನಿ, ಅದೇ ಅರ್ಧ ನಗು. ಪಕ್ಕದ ಮೇಜಿನಲ್ಲಿ ಊಟಕ್ಕೆ ಕೂತಿದ್ದ ಟೀಚರಮ್ಮನ ತುತ್ತು ಕೈಯಲ್ಲೇ ಉಳಿಯಿತು. ನಾನು ಹೇಳಿಕೊಟ್ಟಿದ್ದನ್ನು ಈ ಮಗು ಎಲ್ಲಿಗೆ ಹಚ್ಚಿಕೊಂಡಿತು! ನಾನೇ ಇವಳನ್ನು ವಾಪಸ್ ಕರೆತರಬೇಕು ಎಂದುಕೊಂಡು ಸಂಜೆ ಅವಳ ಜೊತೆಯಲ್ಲೇ ಮನೆಗೆ ಹೋದಳು.

ಬಂದ ಕಾರಣ ಕೇಳಿದ್ದೇ ಹುಡುಗಿಯ ತಾಯಿ ಟೀಚರಮ್ಮನ ಮಣಿಕಟ್ಟು ಹಿಡಿದುಕೊಂಡಳು. "ತಿದ್ದಬೇಡಿ, ನಿಮ್ಮ ದಮ್ಮಯ್ಯ. ದಿನಾ ಕೇಳ್ತೀನಿ, ದಿನಾ ಅದನ್ನೇ ಹೇಳ್ತಾಳೆ. ಅಷ್ಟು ಹೊತ್ತು ಅವನು ಒಳಗಿನ ಕೋಣೆಲಿ ಇರ್ತಾನೆ."

ಟೀಚರಮ್ಮ ಕೈ ಬಿಡಿಸಿಕೊಂಡು ಹುಡುಗಿಯ ಎದುರು ಕೂತಳು. "ನೋಡು ಪುಟ್ಟಿ, ಆ ಪಾಠ ಮಷೀನಿಗೆ, ನಮಗಲ್ಲ. ನಿನ್ನ ತಮ್ಮ ಇಲ್ಲಮ್ಮ. ತೀರಿಕೊಂಡ."

ಹುಡುಗಿ ಅಳಲಿಲ್ಲ. ತೆರೆದ ತುಟಿ ತೆರೆದಂತೆಯೇ ಉಳಿಯಿತು. ರೆಪ್ಪೆ ಬಡಿಯಲಿಲ್ಲ, ಎದೆ ಏರಿಳಿಯಲಿಲ್ಲ. ಭುಜ ಹಿಡಿದು ಅಲುಗಿಸಿದರೆ ಕಂಬ ಅಲುಗಿಸಿದ ಹಾಗೆ. ತುಟಿಯ ಅಂಚು ನೀಲಿಗಟ್ಟತೊಡಗಿತು. ಅದೇ ಪ್ರಶ್ನೆ ಕೇಳಿ, ಕೇಳಿ ಎಂದು ತಾಯಿ ಕೈಸನ್ನೆ ಮಾಡಿದಳು.

ಟೀಚರಮ್ಮ ಹುಡುಗಿಯ ಮುಖದ ಹತ್ತಿರಕ್ಕೆ ಬಾಗಿದಳು. "ನಿನ್ನ... ನಿನ್ನ ತಮ್ಮ ಹೇಗಿದಾನೆ?"

ಉಸಿರು ಬಂತು. ರೆಪ್ಪೆ ಬಡಿಯಿತು. ಅರ್ಧ ನಗು. "ಚೆನ್ನಾಗಿದಾನೆ. ಮಲಗಿದಾನೆ, ಎಬ್ಬಿಸಿದ್ರೆ ರೇಗ್ತಾನೆ."

ಒಳಗಿನ ಕೋಣೆಯಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗೆ ಮಂಚ ಕಿರುಗುಟ್ಟಿತು.

ಟೀಚರಮ್ಮ ಮೆಲ್ಲಗೆ ಎದ್ದಳು. ಚಪ್ಪಲಿಯನ್ನು ಕೈಯಲ್ಲೇ ಹಿಡಿದು, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.