ಬೇರೆ ಪಾತ್ರೆ

“ನಿನಗೆ ಯಾವತ್ತೂ ಬೇರೆ ಪಾತ್ರೇಲಿ ಬೇಯಿಸಲ್ಲ” ಎಂದು ನೆವೆಂಕಾ ಗಂಡನಿಗೆ ಮಾತು ಕೊಟ್ಟದ್ದು ಇಪ್ಪತ್ತೆರಡು ವರ್ಷಗಳ ಹಿಂದೆ, ಮಾವನನ್ನು ಮಣ್ಣು ಮಾಡಿ ಬಂದ ಸಂಜೆ. ಸಕ್ಕರೆ ಕಾಯಿಲೆಯ ಆ ಮುದುಕ ಕಡೆಯ ಒಂಬತ್ತು ವರ್ಷ ಪುಟ್ಟ ಪಾತ್ರೆಯೊಂದರಲ್ಲಿ ಬೇಯಿಸಿದ ಸಪ್ಪೆ ತರಕಾರಿ ತಿಂದಿದ್ದ, ಅದೂ ಎಲ್ಲರದೂ ಆದ ಮೇಲೆ, ಒಬ್ಬನೇ. ಸ್ಮಶಾನದಿಂದ ಬಂದು ಕೈ ತೊಳೆಯುತ್ತಿದ್ದ ರಾದಿಶಾ ಹೆಂಡತಿಯ ಮಣಿಕಟ್ಟು ಹಿಡಿದು, “ಅಪ್ಪನ ಕಾಯಿಲೆ ನನಗೂ ಬರತ್ತೆ, ನೋಡ್ತಿರು. ಬಂದ್ರೆ ನನ್ನನ್ನ ಅಪ್ಪನ ಹಾಗೆ ಬೇರೆ ಮಾಡ್ಬೇಡ” ಎಂದಿದ್ದ.

ಕಾಯಿಲೆ ಬಂದು ಮೂರು ವರ್ಷವಾಗಿತ್ತು. ನೆವೆಂಕಾ ಮಾತಿನಂತೆಯೇ ನಡೆದಿದ್ದಳು. ಬೆಳಗಿನ ಜಾವ ಎದ್ದು ಬೇಕರಿಗೆ ಹೋಗಿ ಚಾಚಕ್ ಊರಿನ ಅರ್ಧ ಜನಕ್ಕೆ ಬಿಳಿ ಬ್ರೆಡ್ ಬೇಯಿಸಿ, ಮಧ್ಯಾಹ್ನ ಸೊಂಟ ಹಿಡಿದುಕೊಂಡು ಮನೆಗೆ ಬಂದು, ಅತ್ತೆ, ಗಂಡ, ಹದಿನಾರರ ಮಗಳು ಯಾಗೋದಾ, ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಿದ್ದಳು. ಹುಳಿ ಕೋಸಿನೆಲೆಯಲ್ಲಿ ಖೀಮಾ ಸುತ್ತುವ ಸಾರ್ಮಾಕ್ಕೆ ಅಕ್ಕಿಯ ಬದಲು ಬಾರ್ಲಿ ಹಾಕಿದಳು. ಮೊದಲ ಸಲ ಅದು ಜಲ್ಲಿಕಲ್ಲಿನ ಹಾಗಿತ್ತು. ರಾತ್ರಿ ನೆನೆಸಿ, ಈರುಳ್ಳಿಯ ಜೊತೆ ಹುರಿದು, ತಳದಲ್ಲಿ ಹೊಗೆ ಹಾಕಿದ ಮೂಳೆಮಾಂಸ ಹರಡಿ ಬೇಯಿಸಬೇಕೆಂದು ಕಲಿಯುವಷ್ಟರಲ್ಲಿ ಒಂದು ಚಳಿಗಾಲವೇ ಕಳೆಯಿತು. ರಾದಿಶಾನ ರಕ್ತದ ಸಕ್ಕರೆ ಇಳಿಯಿತು. ಯಾಗೋದಾ ತಟ್ಟೆ ಬಳಿದು ತಿನ್ನತೊಡಗಿದಳು.

ತೊಂದರೆಯಾದದ್ದು ಸ್ಲಾವಾ ಹಬ್ಬದಲ್ಲಿ. ಮನೆತನದ ಸಂತನ ಆ ದಿನಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ನೆನಪಿಟ್ಟುಕೊಂಡು ತಾವಾಗಿ ಬರಬೇಕು. ಹಿಂದೆಲ್ಲ ನಲವತ್ತು ಜನ ಬರುತ್ತಿದ್ದರು. ಹೋದ ವರ್ಷ ಬಂದವರು ಹನ್ನೊಂದು. ಬಾಗಿಲಲ್ಲಿ ಕೊಡುವ ಬೇಯಿಸಿದ ಗೋಧಿಯಲ್ಲಿ ಸಕ್ಕರೆ ಇರಲಿಲ್ಲ. “ಸಪ್ಪೆ ಗೋಧೀನ ಸಮಾಧಿಗೆ ಒಯ್ಯೋದು ಕಣೇ, ಸಂತನಿಗಲ್ಲ” ಎಂದು ಅತ್ತೆ ಸ್ತಾನಾ ಬಂದವರ ಎದುರಿಗೇ ಅಂದಿದ್ದಳು. ಮೈದುನ ಮಿಲುತಿನ್ ಒಂದೇ ಒಂದು ಸಾರ್ಮಾ ತಿಂದು, ಕತ್ತಲಾಗುವ ಮೊದಲೇ ಕೋಟು ಹಾಕಿಕೊಂಡಿದ್ದ. ರುಚಿ ಕೆಟ್ಟಿತ್ತೆಂದಲ್ಲ. ಆ ದಿನ ಜನ ರುಚಿಗೆ ಬರುವುದಿಲ್ಲ, ಹಿಂದಿನ ವರ್ಷ ತಿಂದದ್ದನ್ನೇ ಮತ್ತೆ ತಿನ್ನಲು ಬರುತ್ತಾರೆ.

ಈ ವರ್ಷ ಹಬ್ಬದ ಹಿಂದಿನ ಮಧ್ಯಾಹ್ನ ನೆವೆಂಕಾ ಕೋಸಿನೆಲೆ ಬಿಡಿಸುತ್ತಿದ್ದಾಗ ರಾದಿಶಾ ಒಂದು ಚೀಲ ತಂದು ಮೇಜಿನ ಮೇಲಿಟ್ಟ.

“ಏನಿದು?”

“ಅಕ್ಕಿ. ಸಕ್ಕರೆ. ಕಣ್ಣು ಕಾಣಲ್ವಾ?”

“ನನಗೆ ಕಣ್ಣು ಕಾಣತ್ತೆ. ನಿನಗೆ ತಲೆ ನೆಟ್ಟಗಿದ್ಯಾ ಅಂತ ಕೇಳ್ತಿದೀನಿ.”

ರಾದಿಶಾ ಟೋಪಿ ತೆಗೆದು ಕೂತ. “ನೆವಾ, ನನಗೆ ಸಿಹಿ ಆಸೆ ಇಲ್ಲ. ನಮ್ಮ ಸಂತ ಯೋವಾನನ ಆಣೆ. ನನಗೆ ಆ ಗದ್ದಲ ಬೇಕು. ಬಾಗಿಲಲ್ಲಿ ಬೂಟಿನ ರಾಶಿ ಬಿದ್ದಿರ್ತಿತ್ತಲ್ಲ, ಯಾರ ಬೂಟು ಯಾರು ಹಾಕ್ಕೊಂಡು ಹೋದ್ರು ಅಂತ ಮಾರನೇ ದಿನ ಜಗಳ ಆಗ್ತಿತ್ತಲ್ಲ, ಅದು. ಹೋದ ವರ್ಷ ಗಡಿಯಾರದ ಸದ್ದು ಕೇಳಿಸ್ತಿತ್ತು ಈ ಮನೇಲಿ.”

“ಮತ್ತೆ ನೀನೇನು ತಿಂತೀಯಾ?”

“ಸ್ಲಾವಾ ದಿನ ಯಜಮಾನ ಕೂರೋ ಹಾಗಿಲ್ಲವಲ್ಲ, ಇಡೀ ದಿನ ನಿಂತು ಬಡಿಸ್ಬೇಕು. ನಾನು ತಿಂದ್ನೋ ಬಿಟ್ನೋ ಯಾರು ನೋಡ್ತಾರೆ? ಉಗ್ರಾಣದಲ್ಲಿ ನನಗೆ ಒಂಚೂರು ಇಟ್ಟಿರು. ಸಣ್ಣ ಪಾತ್ರೇಲಿ.”

ನೆವೆಂಕಾಳ ಕೈ ನಿಂತಿತು. “ಬೇಡ ಅಂತ ಅವತ್ತು ಕೇಳಿದ್ದು ನೀನೇ.”

“ಈಗ ಕೇಳ್ತಿರೋದೂ ನಾನೇ.”

ಒಲೆಯ ಪಕ್ಕದಿಂದ ಸ್ತಾನಾ ಕತ್ತು ಚಾಚಿದಳು. “ಅಕ್ಕಿ ತಂದ್ನಾ? ಅಬ್ಬಾ, ದೇವರು ಕಣ್ಬಿಟ್ಟ.”

“ನೀವು ಸುಮ್ನಿರಿ ಅತ್ತೆ.”

ನೆವೆಂಕಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೂರು ವರ್ಷದಿಂದ ಆಕೆಗಿದ್ದದ್ದು ಒಂದೇ ಆಸೆ: ಈ ಮೇಜಿನ ಸುತ್ತ ಜನ ತುಂಬಿರಬೇಕು, ಅವರ ನಡುವೆ ರಾದಿಶಾನೂ ಅದನ್ನೇ ತಿನ್ನಬೇಕು, ಯಾರಿಗೂ ವ್ಯತ್ಯಾಸ ತಿಳಿಯಬಾರದು. ಇನ್ನೊಂದು ವರ್ಷ ಸಿಕ್ಕಿದ್ದರೆ ಆಗಿಬಿಡುತ್ತಿತ್ತೇನೋ. ಗಂಡನ ಮುಖ ನೋಡಿದಳು. ಚೀಲ ಬಿಚ್ಚಿ ಅಕ್ಕಿ ತೊಳೆಯಲು ಹಾಕಿದಳು.

ಮಾರನೆಯ ದಿನ ಹಿಮದ ನಡುವೆಯೂ ಜನ ಬಂದರು. ಅಕ್ಕಿಯ ಸುದ್ದಿಯನ್ನು ಸ್ತಾನಾ ಬೆಳಿಗ್ಗೆಯೇ ಫೋನಿನಲ್ಲಿ ಊರೆಲ್ಲ ಹಂಚಿದ್ದಳು. ಎರಡು ಗಂಟೆಯ ಹೊತ್ತಿಗೆ ಕುರ್ಚಿ ಸಾಲದೆ ಪಕ್ಕದ ಮನೆಯಿಂದ ಬೆಂಚು ತರಬೇಕಾಯಿತು.

“ಅತ್ತಿಗೇ, ಈ ವರ್ಷ ಕುದುರೆ ಮೇವು ಇಲ್ವಾ?” ಎಂದು ಮಿಲುತಿನ್ ಕೂಗಿದ. ಮೇಜೆಲ್ಲ ನಕ್ಕಿತು.

“ನಿನಗಂತ ಕೊಟ್ಟಿಗೇಲಿ ಇಟ್ಟಿದೀನಿ, ಹೋಗು” ಎಂದಳು ನೆವೆಂಕಾ. ಇನ್ನೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ರಾದಿಶಾ. ಬಾಟಲಿ ಹಿಡಿದು ಕುರ್ಚಿಗಳ ನಡುವೆ ನುಸುಳುತ್ತಿದ್ದ ಅವನ ಕೆನ್ನೆ ಕೆಂಪೇರಿತ್ತು.

ಅಡುಗೆಮನೆಗೆ ಬಂದ ಯಾಗೋದಾ ಮುಚ್ಚಳಗಳನ್ನೆಲ್ಲ ಎತ್ತಿ ನೋಡಿದಳು. “ಅಮ್ಮಾ, ಬಾರ್ಲಿದು ಎಲ್ಲಿ? ನನಗೆ ಅದೇ ಇಷ್ಟ.”

“ಅದು ನಿಮ್ಮಪ್ಪಂದು, ಮುಟ್ಬೇಡ” ಎಂದಳು ನೆವೆಂಕಾ. ಹುಡುಗಿ ತಾಯಿಯ ಮುಖವನ್ನೇ ಒಂದು ಗಳಿಗೆ ನೋಡಿ, ಬ್ರೆಡ್ಡಿನ ಬುಟ್ಟಿ ಎತ್ತಿಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ನೆವೆಂಕಾ ಉಪ್ಪಿನಕಾಯಿಗೆಂದು ಉಗ್ರಾಣಕ್ಕೆ ಹೋದಾಗ ರಾದಿಶಾ ಅಲ್ಲಿದ್ದ. ಆಲೂಗೆಡ್ಡೆ ಮೂಟೆಗಳ ನಡುವೆ ನಿಂತು ಸಣ್ಣ ಪಾತ್ರೆಯಿಂದ ತಿನ್ನುತ್ತಿದ್ದ. ಕಿವಿ ಬಾಗಿಲ ಕಡೆಗಿತ್ತು.

“ಬಿಸಿ ಮಾಡ್ಕೊಡ್ಲಾ?”

“ಶ್! ಕೇಳು. ಮಿಲುತಿನ್ ಹಾಡೋಕೆ ಶುರು ಮಾಡ್ದ. ಎಷ್ಟು ವರ್ಷ ಆಯ್ತು!”

ನೆವೆಂಕಾ ಕೇಳಿದಳು. ಬೇಸುರ ಹಾಡಿಗೆ ಮೇಜು ಬಡಿಯುತ್ತಿದ್ದರು, ಗ್ಲಾಸುಗಳು ಕುಣಿಯುತ್ತಿದ್ದವು. ಗಂಡನ ತೋಳಿನ ಮೇಲೆ ಕೈಯಿಟ್ಟಳು. ಪಾತ್ರೆ ತಣ್ಣಗಿತ್ತು, ತೋಳು ಬೆಚ್ಚಗಿತ್ತು.

“ಅತ್ತಿಗೇ! ಸಾರ್ಮಾ ಖಾಲಿ!”

“ಹೋಗು, ಕರೀತಿದಾರೆ” ಎಂದ ರಾದಿಶಾ, ಬಾಯಿ ತುಂಬಿಕೊಂಡೇ.

ಆಕೆ ಬಾಗಿಲನ್ನು ಅರ್ಧ ಎಳೆದುಕೊಂಡು ಹೋಗಿ, ಒಲೆಯಿಂದ ದೊಡ್ಡ ಪಾತ್ರೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಆ ಗದ್ದಲದೊಳಕ್ಕೆ ನಡೆದಳು. ಇಪ್ಪತ್ತೆರಡು ವರ್ಷ ಉಳಿಸಿಕೊಂಡ ಮಾತನ್ನು ನೆವೆಂಕಾ ಮುರಿದಳು.